ತಂಬಾಕಿನ ದುಡ್ಡು, ಬೇರೆಯವರ ಬಾಯಿ: ಐರ್ಲೆಂಡ್‌ನಲ್ಲಿ ಸಿಗರೇಟು ಕಂಪನಿಗಳ ಲಾಬಿ

ದುಬೈ, ಕುವೈತ್, ದಮ್ಮಾಮ್‌ಗಳಲ್ಲಿ ನಾಲ್ಕೈದು ವರ್ಷ ದುಡಿದು ಅಲ್ಲಿಂದ ಐರ್ಲೆಂಡ್‌ಗೆ ಹೋಗುವ ನಮ್ಮವರು, ಅದರಲ್ಲೂ ಕರಾವಳಿಯ ನರ್ಸ್‌ಗಳು, ಈಗ ಕಡಿಮೆಯೇನಲ್ಲ. ಅವರ ಕುಟುಂಬದಲ್ಲಿ ಸಿಗರೇಟು ಸೇದುವವರಿದ್ದರೆ ಡಬ್ಲಿನ್‌ನಲ್ಲಿ ಇಳಿದ ಮೊದಲ ವಾರವೇ ಮೂರು ಸಂಗತಿ ಗಮನಕ್ಕೆ ಬರುತ್ತದೆ. ಅಂಗಡಿಯಲ್ಲಿ ಸಿಗರೇಟು ಕಣ್ಣಿಗೆ ಬೀಳುವುದಿಲ್ಲ, ಮುಚ್ಚಿದ ಕಪಾಟಿನೊಳಗೆ ಇರುತ್ತದೆ. ಯಾವ ಕಂಪನಿಯದ್ದೇ ಆಗಲಿ, ಪ್ಯಾಕೆಟಿಗೆ ಒಂದೇ ಕೆಸರು ಬಣ್ಣ. ಬೆಲೆಯೋ, 20 ಸಿಗರೇಟಿಗೆ 18 ಯೂರೋ ದಾಟಿದೆ.

ಈ ಮೂರೂ ಸುಮ್ಮನೆ ಬಂದದ್ದಲ್ಲ. ಪ್ರತಿಯೊಂದು ನಿಯಮದ ಹಿಂದೆಯೂ ವರ್ಷಗಟ್ಟಲೆ ಜಗ್ಗಾಟ ನಡೆದಿದೆ. ಒಂದು ಕಡೆ ಆರೋಗ್ಯ ಇಲಾಖೆ ಮತ್ತು ವೈದ್ಯರು, ಇನ್ನೊಂದು ಕಡೆ ಜಗತ್ತಿನ ದೊಡ್ಡ ತಂಬಾಕು ಕಂಪನಿಗಳು. ಆದರೆ ಈ ಜಗ್ಗಾಟದಲ್ಲಿ ಕಂಪನಿಗಳು ಮುಂದೆ ಬಂದು ಮಾತಾಡಿದ್ದು ಕಡಿಮೆ. ಅಂಗಡಿಯವರು, ಪಬ್ ಮಾಲೀಕರು, ಸೇದುವವರ ಸಂಘ, ವಕೀಲರು, ಸಲಹೆಗಾರರು, ಹೀಗೆ ಬೇರೆ ಬೇರೆ ಬಾಯಿಗಳು ಮಾತಾಡಿದವು. ಇದು ಹೇಗೆ ನಡೆಯುತ್ತದೆ, ಐರ್ಲೆಂಡ್ ಇದಕ್ಕೆ ಏನು ಮಾಡಿತು, ನಮ್ಮ ಊರಿಗೆ ಇದರಿಂದ ಏನು ಪಾಠ ಅನ್ನೋದು ಈ ಲೇಖನ.

ಪಿಆರ್ ಮತ್ತು ಲಾಬಿ ಅಂದರೆ ಏನು?

ಪಿಆರ್ ಅಂದರೆ ಪಬ್ಲಿಕ್ ರಿಲೇಷನ್ಸ್. ಒಂದು ಕಂಪನಿಯ ಬಗ್ಗೆ ಜನರ ಮನಸ್ಸಿನಲ್ಲಿ ಒಳ್ಳೆಯ ಅಭಿಪ್ರಾಯ ಮೂಡಿಸುವ ಕೆಲಸ. ಲಾಬಿ ಅಂದರೆ ಮಂತ್ರಿ, ಸಂಸದ, ಅಧಿಕಾರಿಗಳನ್ನು ಭೇಟಿಯಾಗಿ ಕಾನೂನು ತಮಗೆ ಅನುಕೂಲವಾಗುವಂತೆ ಮಾಡಿಸಲು ಒತ್ತಾಯ ಹೇರುವ ಕೆಲಸ. ಎರಡೂ ಕಾನೂನುಬಾಹಿರವಲ್ಲ. ರೈತ ಸಂಘವೂ ಲಾಬಿ ಮಾಡುತ್ತದೆ, ಕ್ಯಾನ್ಸರ್ ಸೊಸೈಟಿಯೂ ಮಾಡುತ್ತದೆ. ಯಾರು ಯಾರ ದುಡ್ಡಿನಿಂದ ಮಾತಾಡುತ್ತಿದ್ದಾರೆ ಅನ್ನೋದು ಜನರಿಗೆ ಗೊತ್ತಾಗದಿದ್ದಾಗಲೇ ಸಮಸ್ಯೆ ಶುರು.

ತಂಬಾಕು ಕಂಪನಿಗಳು ಈ ದಾರಿ ಹಿಡಿದದ್ದು ಅಮೆರಿಕದಲ್ಲಿ. 1953ರ ಡಿಸೆಂಬರ್‌ನಲ್ಲಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರತೊಡಗಿದಾಗ ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕ್‌ನ ಪ್ಲಾಜಾ ಹೋಟೆಲ್‌ನಲ್ಲಿ ಸೇರಿದರು. ಹಿಲ್ ಅಂಡ್ ನೋಲ್ಟನ್ ಎಂಬ ಪಿಆರ್ ಕಂಪನಿಗೆ ಕೆಲಸ ಒಪ್ಪಿಸಿದರು. 1954ರ ಜನವರಿ 4ರಂದು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಒಂದು ಜಾಹೀರಾತು ಬಂತು. ಕ್ಯಾನ್ಸರಿಗೆ ಸಿಗರೇಟೇ ಕಾರಣ ಎಂಬುದಕ್ಕೆ ಪುರಾವೆ ಇಲ್ಲ, ನಾವೇ ಹಣ ಕೊಟ್ಟು ಸಂಶೋಧನೆ ಮಾಡಿಸುತ್ತೇವೆ ಎಂಬುದು ಅದರ ಸಾರ. ಸಿಗರೇಟು ಒಳ್ಳೆಯದು ಅಂತ ಯಾರನ್ನೂ ನಂಬಿಸುವ ಅಗತ್ಯ ಇರಲಿಲ್ಲ. ಇನ್ನೂ ಖಚಿತವಾಗಿಲ್ಲವಂತೆ ಎಂಬ ಅನುಮಾನ ಉಳಿದರೆ ಸಾಕಿತ್ತು. ಮುಂದೆ 2006ರಲ್ಲಿ ವಾಷಿಂಗ್ಟನ್‌ನ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್, ಕಂಪನಿಗಳು ದಶಕಗಳ ಕಾಲ ಜನರಿಗೆ ಸುಳ್ಳು ಹೇಳಿದವು ಎಂದು ತೀರ್ಪು ಕೊಟ್ಟರು.

ಹೀಗೆ ಹೆಸರು ಕೆಟ್ಟ ಮೇಲೆ ಕಂಪನಿಗಳಿಗೆ ಬೇರೆಯವರ ಬಾಯಿ ಇನ್ನಷ್ಟು ಬೇಕಾಯಿತು.

2004: ಪಬ್‌ನಲ್ಲಿ ಹೊಗೆ ನಿಂತ ಕಥೆ

2003ರ ಜನವರಿಯಲ್ಲಿ ಐರ್ಲೆಂಡ್‌ನ ಆರೋಗ್ಯ ಸಚಿವ ಮೀಹಾಲ್ ಮಾರ್ಟಿನ್ ಒಂದು ಘೋಷಣೆ ಮಾಡಿದರು. ಕೆಲಸದ ಜಾಗಗಳಲ್ಲೆಲ್ಲ, ಪಬ್ ಮತ್ತು ರೆಸ್ಟೋರೆಂಟ್ ಸೇರಿ, ಧೂಮಪಾನ ನಿಷೇಧ. ಪಬ್ ಇಲ್ಲದ ಐರ್ಲೆಂಡ್ ಊಹಿಸುವುದು ಕಷ್ಟ, ಹೊಗೆ ಇಲ್ಲದ ಪಬ್ ಊಹಿಸುವುದು ಆಗ ಅದಕ್ಕಿಂತ ಕಷ್ಟ. ಪಬ್ ಮಾಲೀಕರ ಸಂಘಗಳು ಸಿಡಿದೆದ್ದವು. ಐರಿಷ್ ಹಾಸ್ಪಿಟಾಲಿಟಿ ಇಂಡಸ್ಟ್ರಿ ಅಲಯನ್ಸ್ ಎಂಬ ಒಕ್ಕೂಟ ಹುಟ್ಟಿಕೊಂಡಿತು. ಸಾವಿರಾರು ಕೆಲಸ ಹೋಗುತ್ತದೆ, ಹಳ್ಳಿ ಪಬ್‌ಗಳು ಬಾಗಿಲು ಹಾಕುತ್ತವೆ, ಪ್ರವಾಸಿಗರು ಬರುವುದಿಲ್ಲ ಎಂಬ ಪ್ರಚಾರ ನಡೆಯಿತು. ನಿಷೇಧ ಬೇಡ, ಒಳ್ಳೆಯ ಫ್ಯಾನ್ ಹಾಕಿ ಗಾಳಿ ಹೊರಗೆ ಕಳಿಸಿದರೆ ಸಾಕು ಎಂಬ ವಾದವೂ ಬಂತು.

ಪಬ್ ಮಾಲೀಕರಿಗೆ ಅವರದ್ದೇ ವ್ಯಾಪಾರದ ಭಯ ಇತ್ತು, ಅದು ನಿಜ. ಆದರೆ ಗಾಳಿ ಆಡಿಸಿದರೆ ಸಾಕು ಅನ್ನೋದು ಐರ್ಲೆಂಡ್‌ನಲ್ಲಿ ಹುಟ್ಟಿದ ಮಾತಲ್ಲ. 1990ರ ದಶಕದಲ್ಲಿ ಫಿಲಿಪ್ ಮೋರಿಸ್ ಕಂಪನಿ ಅಂತರರಾಷ್ಟ್ರೀಯ ಹೋಟೆಲ್ ಸಂಘದ ಜೊತೆ ಸೇರಿ ಇದೇ ಮಾತನ್ನು ದೇಶ ದೇಶಗಳ ಹೋಟೆಲ್‌ಗಳಿಗೆ ಹಂಚಿತ್ತು. ಸೇದುವವರಿಗೂ ಸೇದದವರಿಗೂ ಜಾಗ ಮಾಡಿಕೊಡೋಣ, ಕಾನೂನು ಯಾಕೆ ಎಂಬುದು ಆ ಕಾರ್ಯಕ್ರಮದ ತಿರುಳು.

ಸರ್ಕಾರ ಮತ್ತು ಆರೋಗ್ಯ ಸಂಘಟನೆಗಳು ಚರ್ಚೆಯನ್ನು ಬೇರೆ ಕಡೆ ತಿರುಗಿಸಿದವು. ಗಿರಾಕಿ ಬೇಡವಾದರೆ ಎದ್ದು ಹೋಗಬಹುದು, ಆದರೆ ಎಂಟು ಗಂಟೆ ಆ ಹೊಗೆಯಲ್ಲೇ ನಿಂತು ಬಿಯರ್ ಕೊಡುವ ಹುಡುಗ ಎಲ್ಲಿಗೆ ಹೋಗಬೇಕು? ಬಾರ್ ಕಾರ್ಮಿಕರ ಯೂನಿಯನ್ ಆದ ಮ್ಯಾಂಡೇಟ್ ನಿಷೇಧದ ಪರ ನಿಂತಿತು. ಕೆಲಸ ಹೋಗುತ್ತದೆ ಎಂದು ಯಾರ ಹೆಸರಲ್ಲಿ ಹೇಳಲಾಗುತ್ತಿತ್ತೋ ಆ ಕಾರ್ಮಿಕರೇ ಬಾಯಿಬಿಟ್ಟು ನಮಗೆ ಶುದ್ಧ ಗಾಳಿ ಬೇಕು ಅಂದಾಗ ವಾದದ ಬಲ ಅರ್ಧ ಕುಸಿಯಿತು.

2004ರ ಜನವರಿ 1ರಂದು ಬರಬೇಕಿದ್ದ ನಿಷೇಧ ಸ್ವಲ್ಪ ತಡವಾಗಿ ಮಾರ್ಚ್ 29ರಂದು ಜಾರಿಗೆ ಬಂತು. ಇಡೀ ದೇಶದ ಕೆಲಸದ ಜಾಗಗಳಲ್ಲಿ ಇಂಥ ನಿಷೇಧ ತಂದ ಜಗತ್ತಿನ ಮೊದಲ ದೇಶ ಐರ್ಲೆಂಡ್. ಉಲ್ಲಂಘಿಸಿದರೆ 3,000 ಯೂರೋವರೆಗೆ ದಂಡ. ಮೊದಲ ವರ್ಷದ ತಪಾಸಣೆಯಲ್ಲಿ 94 ಶೇಕಡಾ ಜಾಗಗಳಲ್ಲಿ ನಿಯಮ ಪಾಲನೆ ಕಂಡುಬಂತು. ಡಬ್ಲಿನ್‌ನ 42 ಪಬ್‌ಗಳಲ್ಲಿ ನಿಷೇಧಕ್ಕೆ ಮೊದಲು ಮತ್ತು ಆಮೇಲೆ ಗಾಳಿ ಅಳೆದ ಅಧ್ಯಯನದಲ್ಲಿ ಅತಿ ಸೂಕ್ಷ್ಮ ಕಣಗಳು 83 ಶೇಕಡಾ ಇಳಿದಿದ್ದವು. ಮುಂದೆ ಮಾರ್ಟಿನ್ ದೇಶದ ಪ್ರಧಾನಿಯೂ ಆದರು.

2013: ಒಂದು ಭೇಟಿ, ದೊಡ್ಡ ಪ್ರಶ್ನೆ

ಐರ್ಲೆಂಡ್‌ನ ಸಿಗರೇಟು ಮಾರುಕಟ್ಟೆಯಲ್ಲಿ ಮೂರು ಹೆಸರು ಮುಖ್ಯ. 1824ರಲ್ಲಿ ಡಂಡಾಕ್ ಪಟ್ಟಣದಲ್ಲಿ ಶುರುವಾಗಿ ಈಗ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕೈಯಲ್ಲಿರುವ ಪಿಜೆ ಕ್ಯಾರಲ್, ಇಂಪೀರಿಯಲ್ ಗುಂಪಿನ ಜಾನ್ ಪ್ಲೇಯರ್, ಮತ್ತು ಜಪಾನ್ ಟೊಬ್ಯಾಕೊದ ಜೆಟಿಐ ಐರ್ಲೆಂಡ್. ಅಂಗಡಿಯಲ್ಲಿ ಇವು ಒಂದಕ್ಕೊಂದು ಪೈಪೋಟಿ. ಸರ್ಕಾರದ ಬಾಗಿಲಿಗೆ ಹೋಗುವಾಗ ಮಾತ್ರ ಐರಿಷ್ ತಂಬಾಕು ತಯಾರಕರ ಸಲಹಾ ಸಮಿತಿ ಎಂಬ ಒಂದೇ ಹೆಸರಲ್ಲಿ ಹೋಗುತ್ತಿದ್ದವು.

2013ರ ಮೇ ತಿಂಗಳಲ್ಲಿ ಈ ಸಮಿತಿಯ ಪ್ರತಿನಿಧಿಗಳು ಪ್ರಧಾನಿ ಎಂಡಾ ಕೆನ್ನಿ, ಹಣಕಾಸು ಸಚಿವ ಮೈಕಲ್ ನೂನನ್ ಮತ್ತು ನ್ಯಾಯ ಸಚಿವ ಅಲನ್ ಶಾಟರ್ ಅವರನ್ನು ಭೇಟಿಯಾದರು. ಆರೋಗ್ಯ ಸಚಿವ ಜೇಮ್ಸ್ ರೈಲಿ ಸಾದಾ ಪ್ಯಾಕೆಟ್ ಕಾನೂನು ತರಲು ಹೊರಟಿದ್ದ ಸಮಯ ಅದು. ರೈಲಿ ವೃತ್ತಿಯಲ್ಲಿ ವೈದ್ಯರು, ಸಿಗರೇಟು ಸೇದುತ್ತಿದ್ದ ತಮ್ಮ ಸಹೋದರ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡದ್ದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದರು. ಭೇಟಿಯ ವಿಷಯ ಹೊರಗೆ ಬಂದಾಗ ಗದ್ದಲವಾಯಿತು. ಮಾತುಕತೆ ಕಳ್ಳಸಾಗಣೆಯ ಬಗ್ಗೆ ಎಂಬುದು ಸರ್ಕಾರದ ಸಮಜಾಯಿಷಿ.

ಗದ್ದಲಕ್ಕೆ ಕಾರಣ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಐರ್ಲೆಂಡ್ 2005ರಲ್ಲಿ, ಭಾರತ 2004ರಲ್ಲಿ ಅಂಗೀಕಾರ ಕೊಟ್ಟಿವೆ. ಗಲ್ಫ್ ದೇಶಗಳೂ ಅದರ ಸದಸ್ಯರೇ. ಅದರ 5.3ನೇ ವಿಧಿ ಒಂದು ಸರಳ ಮಾತು ಹೇಳುತ್ತದೆ: ಆರೋಗ್ಯ ನೀತಿ ರೂಪಿಸುವಾಗ ತಂಬಾಕು ಉದ್ಯಮದ ಸ್ವಾರ್ಥ ನುಸುಳದಂತೆ ಸರ್ಕಾರ ಕಾಯಬೇಕು. 2008ರಲ್ಲಿ ಡರ್ಬನ್‌ನಲ್ಲಿ ಒಪ್ಪಿದ ಮಾರ್ಗಸೂಚಿಯ ಪ್ರಕಾರ ತೀರಾ ಅಗತ್ಯವಿದ್ದರೆ ಮಾತ್ರ ಕಂಪನಿಗಳನ್ನು ಭೇಟಿಯಾಗಬೇಕು, ಆದದ್ದನ್ನು ಬಹಿರಂಗಪಡಿಸಬೇಕು. ಕಂಪನಿಯ ಜೊತೆ ಮಾತಾಡುವುದೇ ತಪ್ಪು ಅಂತ ಅಲ್ಲ, ಬಾಗಿಲು ಮುಚ್ಚಿ ಮಾತಾಡಬೇಡಿ ಅಂತ.

ಅದೇ ವರ್ಷ ಯುರೋಪ್ ಮಟ್ಟದಲ್ಲೂ ಇದೇ ಕಥೆ. ಯುರೋಪಿಯನ್ ಯೂನಿಯನ್ ಹೊಸ ತಂಬಾಕು ನಿರ್ದೇಶನ ರೂಪಿಸುತ್ತಿತ್ತು, ವರ್ಷದ ಮೊದಲಾರ್ಧ ಅದರ ಮಂತ್ರಿಮಂಡಳಿಯ ಅಧ್ಯಕ್ಷತೆ ಐರ್ಲೆಂಡ್‌ನದ್ದು. ಇದನ್ನು ತಡೆಯಲು ಫಿಲಿಪ್ ಮೋರಿಸ್ ಒಂದೇ ಕಂಪನಿ 161 ಮಂದಿಯನ್ನು ಹಚ್ಚಿತ್ತು ಎಂಬುದು ಸೋರಿಕೆಯಾದ ಅದರದ್ದೇ ಕಡತಗಳಿಂದ ಪತ್ರಿಕೆಗಳಲ್ಲಿ ಬಂತು. ನಿರ್ದೇಶನ ಕೊನೆಗೂ 2014ರಲ್ಲಿ ಪಾಸಾಯಿತು.

2015: ಕೆಸರು ಬಣ್ಣದ ಪ್ಯಾಕೆಟ್ ಮತ್ತು ಕೋರ್ಟು

ಪ್ಯಾಕೆಟ್ ಕಂಪನಿಯ ಕೊನೆಯ ಜಾಹೀರಾತು. ಟಿವಿ, ಪತ್ರಿಕೆ, ಕ್ರೀಡೆ ಎಲ್ಲ ಕಡೆ ಜಾಹೀರಾತು ನಿಂತು ಹೋದಾಗ, 2009ರ ಜುಲೈ 1ರಿಂದ ಐರ್ಲೆಂಡ್‌ನ ಅಂಗಡಿಗಳಲ್ಲಿ ಸಿಗರೇಟು ಕಾಣುವಂತೆ ಇಡುವುದೂ ನಿಂತಾಗ, ಉಳಿದದ್ದು ಗಿರಾಕಿಯ ಜೇಬಿನ ಪ್ಯಾಕೆಟ್ ಮಾತ್ರ. ಅದಕ್ಕೇ ಅಷ್ಟು ದೊಡ್ಡ ಜಗಳ.

2015ರ ಫೆಬ್ರವರಿಯಲ್ಲಿ, ಮಸೂದೆ ಇನ್ನೂ ಸಂಸತ್ತಿನಲ್ಲಿ ಇರುವಾಗಲೇ, ಜೆಟಿಐ ಐರ್ಲೆಂಡ್ ತನ್ನ ವಕೀಲರ ಮೂಲಕ ಸರ್ಕಾರಕ್ಕೆ ಪತ್ರ ಬರೆಯಿತು. ಮಸೂದೆ ಮುಂದಕ್ಕೆ ಒಯ್ಯುವುದಿಲ್ಲ ಎಂದು ಭರವಸೆ ಕೊಡಿ, ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತೇವೆ ಎಂಬುದು ಪತ್ರದ ಸಾರ. ಸರ್ಕಾರ ಬಗ್ಗಲಿಲ್ಲ. ಮಾರ್ಚ್ 10ರಂದು ಅಧ್ಯಕ್ಷ ಮೈಕಲ್ ಡಿ. ಹಿಗ್ಗಿನ್ಸ್ ಸಹಿ ಹಾಕಿದರು. ಕಂಪನಿ ಹೇಳಿದಂತೆ ಕೋರ್ಟಿಗೆ ಹೋಯಿತು. 2016ರ ಮೇ 4ರಂದು ಯುರೋಪಿನ ನ್ಯಾಯಾಲಯ ತಂಬಾಕು ನಿರ್ದೇಶನವನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಜೆಟಿಐ ಐರ್ಲೆಂಡ್ ತನ್ನ ದಾವೆ ಹಿಂತೆಗೆದುಕೊಂಡಿತು. 2017ರ ಸೆಪ್ಟೆಂಬರ್ ಕೊನೆಯಿಂದ ತಯಾರಿಕೆಯಲ್ಲಿ, 2018ರ ಸೆಪ್ಟೆಂಬರ್ ಕೊನೆಯಿಂದ ಅಂಗಡಿಗಳಲ್ಲಿ ಸಾದಾ ಪ್ಯಾಕೆಟ್ ಕಡ್ಡಾಯವಾಯಿತು.

ಇಂಥ ದಾವೆಯಲ್ಲಿ ಗೆಲ್ಲಲೇಬೇಕೆಂದಿಲ್ಲ. ಕಾನೂನು ಒಂದೆರಡು ವರ್ಷ ತಡವಾದರೂ ಕಂಪನಿಗೆ ಲಾಭ. ಸಣ್ಣ ದೇಶವಾದರೆ ಕೋರ್ಟ್ ಖರ್ಚಿಗೆ ಹೆದರಿಯೇ ಕಾನೂನು ಕೈಬಿಡಬಹುದು.

ಸೌದಿಯಲ್ಲಿರುವ ನಮ್ಮವರಿಗೆ ಸಾದಾ ಪ್ಯಾಕೆಟ್ ಹೊಸದಲ್ಲ. 2019ರಲ್ಲಿ ಅಲ್ಲಿ ಹೊಸ ಪ್ಯಾಕೆಟ್ ಬಂದಾಗ ಸಿಗರೇಟಿನ ರುಚಿಯೇ ಕೆಟ್ಟಿದೆ ಅಂತ ದೊಡ್ಡ ದೂರು ಎದ್ದದ್ದು ಬಹಳ ಮಂದಿಗೆ ನೆನಪಿರಬಹುದು.

ಕಳ್ಳಸಾಗಣೆಯ ಲೆಕ್ಕ: ಡ್ಯೂಟಿ ಫ್ರೀ ಡಬ್ಬವೂ ಸೇರಿಕೊಂಡಾಗ

ತೆರಿಗೆ ಏರಿಸಬೇಡಿ, ಪ್ಯಾಕೆಟ್ ಬದಲಿಸಬೇಡಿ, ಯಾಕಂದರೆ ಕಳ್ಳ ಸಿಗರೇಟು ಹೆಚ್ಚುತ್ತದೆ. ತಂಬಾಕು ಲಾಬಿಯ ಅತಿ ಬಲವಾದ ವಾದ ಇದು. ಕಳ್ಳಸಾಗಣೆ ಸುಳ್ಳಲ್ಲ. ಐರ್ಲೆಂಡ್‌ನಲ್ಲಿ ಅದು ನಿಜವಾದ ಸಮಸ್ಯೆ, ಇತ್ತೀಚಿನ ವರ್ಷಗಳಲ್ಲಿ ಏರಿಯೂ ಇದೆ. ಜಗಳ ಇರುವುದು ಅದನ್ನು ಎಣಿಸುವ ರೀತಿಯಲ್ಲಿ.

ಐರ್ಲೆಂಡ್‌ನ ತೆರಿಗೆ ಇಲಾಖೆ ಪ್ರತಿ ವರ್ಷ ಸಮೀಕ್ಷೆ ಮಾಡಿಸುತ್ತದೆ. 2013ರಲ್ಲಿ ಅಕ್ರಮ ಸಿಗರೇಟಿನ ಪಾಲು ಸುಮಾರು 11 ಶೇಕಡಾ ಎಂದು ಅದು ಹೇಳಿತು. ಉದ್ಯಮ ಹೇಳುತ್ತಿದ್ದ ಲೆಕ್ಕ ಅದಕ್ಕಿಂತ ತೀರ ಹೆಚ್ಚು. ವ್ಯತ್ಯಾಸಕ್ಕೆ ಒಂದು ಕಾರಣ, ಐರ್ಲೆಂಡ್‌ನಲ್ಲಿ ತೆರಿಗೆ ಕಟ್ಟದ ಪ್ಯಾಕೆಟ್ ಎಲ್ಲವನ್ನೂ ಒಟ್ಟು ಸೇರಿಸಿ ಹೇಳುವುದು. ಸ್ಪೇನ್‌ಗೆ ರಜೆ ಹೋಗಿ ಕಾನೂನುಬದ್ಧವಾಗಿ ತಂದ ಪ್ಯಾಕೆಟ್, ದುಬೈ ಏರ್‌ಪೋರ್ಟ್‌ನಲ್ಲಿ ಬಿಲ್ ಮಾಡಿಸಿ ತಂದ ಡ್ಯೂಟಿ ಫ್ರೀ ಡಬ್ಬ, ಇವೂ ಆ ಮೊತ್ತದೊಳಗೆ ಬಂದುಬಿಡುತ್ತವೆ. ಅಂದರೆ ನಿಯಮ ಪಾಲಿಸಿ ನೀವು ಒಯ್ದ ಒಂದು ಕಾರ್ಟನ್ ಕೂಡ ಲಾಬಿಯ ಅಂಕಿ ಏರಿಸುತ್ತದೆ.

ಈ ವಾದ ಹೇಳುವ ಬಾಯಿಗಳನ್ನೂ ಗಮನಿಸಬೇಕು. ಕಳ್ಳಸಾಗಣೆ ವಿರುದ್ಧದ ಅಂಗಡಿಯವರು ಎಂಬರ್ಥದ ಹೆಸರಿನ ರಿಟೇಲರ್ಸ್ ಅಗೇನ್‌ಸ್ಟ್ ಸ್ಮಗ್ಲಿಂಗ್ ಗುಂಪಿಗೆ ತಂಬಾಕು ಕಂಪನಿಗಳ ಹಣದ ನೆರವು ಇದ್ದದ್ದು ಬಹಿರಂಗ ಸಂಗತಿ. ಸೇದುವವರ ಹಕ್ಕಿನ ಪರ ಮಾತಾಡುವ ಫಾರೆಸ್ಟ್ ಎಂಬ ಸಂಘಟನೆ 1979ರಲ್ಲಿ ಬ್ರಿಟನ್‌ನಲ್ಲಿ ಶುರುವಾಯಿತು, ಅದರ ಐರಿಷ್ ಶಾಖೆ 2010ರಲ್ಲಿ. ತಂಬಾಕು ಕಂಪನಿಗಳಿಂದ ಹಣ ಪಡೆಯುವುದನ್ನು ಅದೂ ಮುಚ್ಚಿಡುವುದಿಲ್ಲ. ಆದರೆ ರೇಡಿಯೋದಲ್ಲಿ ಒಬ್ಬ ಅಂಗಡಿಯವನ ಕಷ್ಟ ಕೇಳುವ ಶ್ರೋತೃವಿಗೆ ಈ ಹಿನ್ನೆಲೆ ಎಷ್ಟು ಸಲ ಗೊತ್ತಿರುತ್ತದೆ? ಅಂಗಡಿಯವನ ಕಷ್ಟ ನಿಜವೇ ಇರಬಹುದು. ಅದನ್ನು ದೇಶಕ್ಕೆಲ್ಲ ಕೇಳಿಸುವ ಮೈಕಿಗೆ ಯಾರು ದುಡ್ಡು ಕೊಟ್ಟರು ಅನ್ನೋದೂ ತಿಳಿದಿರಬೇಕು.

ಐರ್ಲೆಂಡ್‌ನ ಉತ್ತರ: ಬರೆದಿಡಿ

2015ರಲ್ಲಿ ಐರ್ಲೆಂಡ್ ಲಾಬಿ ನಿಯಂತ್ರಣ ಕಾಯ್ದೆ ತಂದಿತು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಲಾಬಿ ರಿಜಿಸ್ಟರ್ ಶುರುವಾಯಿತು. ಇದು ಲಾಬಿಯನ್ನು ನಿಲ್ಲಿಸುವುದಿಲ್ಲ, ಬೆಳಕಿಗೆ ತರುತ್ತದೆ. ಮುಖ್ಯ ಅಂಶಗಳು ಹೀಗಿವೆ:

ಯಾರು ಬರೆಯಬೇಕು: 10ಕ್ಕಿಂತ ಹೆಚ್ಚು ನೌಕರರಿರುವ ಕಂಪನಿ, ನೌಕರರಿರುವ ಸಂಘ ಸಂಸ್ಥೆ, ಮತ್ತು ಬೇರೆಯವರ ಪರವಾಗಿ ಹಣ ಪಡೆದು ಲಾಬಿ ಮಾಡುವ ಪಿಆರ್ ಕಂಪನಿ.

ಏನು ಬರೆಯಬೇಕು: ಯಾವ ಮಂತ್ರಿ, ಸಂಸದ, ಕೌನ್ಸಿಲರ್ ಅಥವಾ ಹಿರಿಯ ಅಧಿಕಾರಿಯನ್ನು ಸಂಪರ್ಕಿಸಿದರು, ಯಾವ ವಿಷಯಕ್ಕೆ, ಏನಾಗಬೇಕು ಅಂತ ಕೇಳಿದರು, ಫೋನೋ ಇಮೇಲೋ ಭೇಟಿಯೋ. ಪಿಆರ್ ಕಂಪನಿಯಾದರೆ ಯಾವ ಗಿರಾಕಿಯ ಪರ ಎಂಬುದನ್ನೂ ಹೇಳಬೇಕು.

ಯಾವಾಗ: ನಾಲ್ಕು ತಿಂಗಳಿಗೊಮ್ಮೆ, ಅವಧಿ ಮುಗಿದ 21 ದಿನದೊಳಗೆ. ತಡವಾದರೆ 200 ಯೂರೋ ದಂಡ.

ಕುರ್ಚಿ ಬಿಟ್ಟವರು: ಮಂತ್ರಿ, ಅವರ ವಿಶೇಷ ಸಲಹೆಗಾರ, ಉನ್ನತ ಅಧಿಕಾರಿಗಳು ಹುದ್ದೆ ಬಿಟ್ಟ ಒಂದು ವರ್ಷದವರೆಗೆ ತಮ್ಮ ಹಳೆಯ ಕಚೇರಿಗೇ ಲಾಬಿ ಮಾಡುವಂತಿಲ್ಲ. ಮೊದಲು ಇದಕ್ಕೆ ಹಲ್ಲು ಇರಲಿಲ್ಲ. 2023ರ ತಿದ್ದುಪಡಿ 25,000 ಯೂರೋವರೆಗೆ ದಂಡ ಮತ್ತು ಎರಡು ವರ್ಷದವರೆಗೆ ಲಾಬಿ ನಿಷೇಧ ಹಾಕುವ ಅಧಿಕಾರ ಕೊಟ್ಟಿದೆ.

ಈ ರಿಜಿಸ್ಟರ್ ಇಂಟರ್‌ನೆಟ್‌ನಲ್ಲಿ ಉಚಿತ. ಪತ್ರಕರ್ತನೇ ಆಗಬೇಕೆಂದಿಲ್ಲ, ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕೆಂದಿಲ್ಲ. ಕಂಪನಿಯ ಹೆಸರು ಹೊಡೆದರೆ ಪಟ್ಟಿ ಬರುತ್ತದೆ. ಪಿಜೆ ಕ್ಯಾರಲ್, ಜೆಟಿಐ ಐರ್ಲೆಂಡ್ ಎರಡರದ್ದೂ ಅಲ್ಲಿವೆ.

ಕೊರತೆ ಇಲ್ಲವೇ? ಇದೆ. ಬರೆಯುವವರು ಲಾಬಿ ಮಾಡುವವರೇ, ಎಷ್ಟು ವಿವರ ಬರೆಯಬೇಕೆಂಬುದು ಬಹುಮಟ್ಟಿಗೆ ಅವರ ಕೈಯಲ್ಲೇ. ಕೆಳಹಂತದ ಅಧಿಕಾರಿಯ ಜೊತೆ ಆಡಿದ ಮಾತು ಇದರಲ್ಲಿ ಬರುವುದಿಲ್ಲ. ಆದರೂ 2013ರಲ್ಲಿ ಸುದ್ದಿಯಾಗಿ ಹೊರಬರಬೇಕಿದ್ದ ಭೇಟಿ ಇವತ್ತು ಕಂಪನಿಯೇ ಬರೆದು ಕೊಡಬೇಕಾದ ಭೇಟಿ.

ಈಗಿನ ಜಗಳ: ವೇಪ್ ಮತ್ತು 21 ವರ್ಷ

ಐರ್ಲೆಂಡ್‌ನಲ್ಲಿ ಸೇದುವವರ ಪ್ರಮಾಣ 2015ರಲ್ಲಿ 23 ಶೇಕಡಾ ಇದ್ದದ್ದು 2024ರ ಹೊತ್ತಿಗೆ 17ಕ್ಕೆ ಇಳಿದಿದೆ. 2025ಕ್ಕೆ 5 ಶೇಕಡಾಕ್ಕಿಂತ ಕೆಳಗೆ ತರುವ ಗುರಿ ಕೈಗೂಡಲಿಲ್ಲ. ಕಂಪನಿಗಳ ಗಮನ ಈಗ ವೇಪ್ ಮೇಲೂ ಇದೆ. 2023ರ ಡಿಸೆಂಬರ್‌ನಿಂದ 18 ವರ್ಷದ ಕೆಳಗಿನವರಿಗೆ ವೇಪ್ ಮಾರುವಂತಿಲ್ಲ. 2025ರ ನವೆಂಬರ್ 1ರಿಂದ ವೇಪ್ ದ್ರವಕ್ಕೆ ಪ್ರತಿ ಮಿಲಿಲೀಟರ್‌ಗೆ 50 ಸೆಂಟ್ ತೆರಿಗೆ. ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸುವ ಕಾನೂನು 2024ರ ಕೊನೆಗೆ ಪಾಸಾಗಿದೆ, ಜಾರಿಗೆ ಬರುವುದು 2028ರ ಫೆಬ್ರವರಿ 1ರಿಂದ. ಸಿಗರೇಟು ಬಿಡಲು ವೇಪ್ ನೆರವಾಗುತ್ತದೆ, ಹಾಗಾಗಿ ಬಿಗಿ ಬೇಡ ಎಂಬುದು ಉದ್ಯಮದ ಈಗಿನ ಮಾತು. ಕೆಲವರಿಗೆ ಅದು ನೆರವಾಗಿರಬಹುದು. ಆದರೆ ಸೇದಿಯೇ ಇಲ್ಲದ ಶಾಲಾ ಮಕ್ಕಳ ಕೈಗೆ ಸಿಹಿ ಪರಿಮಳದ ವೇಪ್ ಯಾಕೆ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ನಮ್ಮ ಊರಿನ ಮಟ್ಟಿಗೆ

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಗಲ್ಫ್ ವೀಸಾದ ಮೊದಲ ಕಂತು ಕಟ್ಟಿದ್ದು ಬೀಡಿಯ ದುಡ್ಡಿನಿಂದ. ತಾಯಿ, ಅಕ್ಕ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿದ ದುಡ್ಡು. ಅದನ್ನು ಯಾರೂ ಹಗುರವಾಗಿ ನೋಡುವಂತಿಲ್ಲ. ಅದಕ್ಕೇ ತಂಬಾಕು ಕಾನೂನು ಬಂದಾಗಲೆಲ್ಲ ಬೀಡಿ ಕಾರ್ಮಿಕರ ಹೆಸರು, ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರ ಹೆಸರು ಮುಂದೆ ಬರುತ್ತದೆ.

ಪ್ಯಾಕೆಟಿನ 85 ಶೇಕಡಾ ಜಾಗದಲ್ಲಿ ಎಚ್ಚರಿಕೆ ಚಿತ್ರ ಹಾಕುವ ನಿಯಮ 2015ರಲ್ಲೇ ಬರಬೇಕಿತ್ತು. ಆಗ ಅದನ್ನು ಪರಿಶೀಲಿಸುತ್ತಿದ್ದ ಸಂಸದೀಯ ಸಮಿತಿಯಲ್ಲಿ ಬೀಡಿ ಉದ್ಯಮಿಯೇ ಆಗಿದ್ದ ಒಬ್ಬ ಸಂಸದರಿದ್ದರು. ನಿಯಮ ಜಾರಿಯಾದದ್ದು 2016ರ ಏಪ್ರಿಲ್ 1ರಂದು. 2017ರ ಡಿಸೆಂಬರ್ 15ರಂದು ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು, ಮೂರು ವಾರದಲ್ಲಿ, 2018ರ ಜನವರಿ 8ರಂದು, ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಅದಕ್ಕೂ ಮೊದಲು 2010ರಲ್ಲಿ ಬೆಂಗಳೂರಿನಲ್ಲಿ ತಂಬಾಕು ಉದ್ಯಮದ ಜಾಗತಿಕ ಸಮ್ಮೇಳನಕ್ಕೆ ಕೇಂದ್ರದ ತಂಬಾಕು ಮಂಡಳಿ ಪ್ರಾಯೋಜಕನಾಗಲು ಹೊರಟಾಗ ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೊಂದು ಹೈಕೋರ್ಟ್ ಮೆಟ್ಟಿಲೇರಿತು. ಅದರ ಆಧಾರ ಅದೇ 5.3ನೇ ವಿಧಿ. ಮಂಡಳಿ ಹಿಂದೆ ಸರಿಯಿತು.

ನಮ್ಮಲ್ಲಿ ಐರ್ಲೆಂಡ್‌ನಂಥ ಲಾಬಿ ರಿಜಿಸ್ಟರ್ ಇಲ್ಲ. ಬೀಡಿ ಕಟ್ಟುವವಳ ಹೊಟ್ಟೆಪಾಡಿನ ಪ್ರಶ್ನೆಗೆ ಪರ್ಯಾಯ ಕೆಲಸ, ಪಿಎಫ್, ಪಿಂಚಣಿ ಎಂಬ ಉತ್ತರ ಬೇಕು. ಆ ಪ್ರಶ್ನೆಯನ್ನು ಕಂಪನಿಯ ಗುರಾಣಿ ಮಾಡಿಕೊಂಡರೆ ಅವಳಿಗೆ ಏನೂ ಸಿಗುವುದಿಲ್ಲ.

ಓದುವಾಗ ಕೇಳಬೇಕಾದ ನಾಲ್ಕು ಪ್ರಶ್ನೆ

ಸಿಗರೇಟು, ವೇಪ್, ತೆರಿಗೆ ಬಗ್ಗೆ ಯಾವುದೇ ದೇಶದ ಸುದ್ದಿ ಓದಿದರೂ ಇವನ್ನು ಕೇಳಿಕೊಳ್ಳಿ. ಮಾತಾಡುವ ಸಂಘಕ್ಕೆ ದುಡ್ಡು ಎಲ್ಲಿಂದ? ಸಮೀಕ್ಷೆ ಮಾಡಿಸಿದವರು ಯಾರು, ಎಣಿಸಿದ್ದು ಏನನ್ನು? ಕೆಲಸ ಹೋಗುತ್ತದೆ ಅಂತ ಹೇಳುವವರು ಕಾರ್ಮಿಕರೋ, ಅವರ ಹೆಸರು ಹೇಳುವ ಬೇರೆಯವರೋ? ಕಾನೂನು ಬೇಡ, ನಾವೇ ಸರಿಪಡಿಸಿಕೊಳ್ಳುತ್ತೇವೆ ಅನ್ನುವವರು ಹಿಂದೆ ಹಾಗೆ ಸರಿಪಡಿಸಿಕೊಂಡಿದ್ದಾರಾ?

ಐರ್ಲೆಂಡ್‌ಗೆ ಹೊರಟವರಿಗೆ ಒಂದು ಮಾತು. ಗಲ್ಫ್‌ನಿಂದ ಹೋಗುವಾಗ 17 ವರ್ಷ ದಾಟಿದ ಒಬ್ಬರು ತೆರಿಗೆ ಇಲ್ಲದೆ ಒಯ್ಯಬಹುದಾದದ್ದು 200 ಸಿಗರೇಟು ಮಾತ್ರ, ಅದೂ ಸ್ವಂತಕ್ಕೆ. ಅಲ್ಲಿ 18 ಯೂರೋ ಬೆಲೆ ಇದೆ ಅಂತ ಯಾರಾದರೂ ಹೆಚ್ಚಿಗೆ ತರಲು, ಮಾರಲು ಹೇಳಿದರೆ ಒಪ್ಪಬೇಡಿ. ಅದು ಅಪರಾಧ, ಸಿಕ್ಕಿಬಿದ್ದರೆ ಕೇಸು ನಿಮ್ಮ ಮೇಲೆ, ವೀಸಾಕ್ಕೂ ತೊಂದರೆ. ಹೇಳಿ ಕಳಿಸಿದವರು ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ.